ಬಿಡಾರದ ಬಯಲಿನಲ್ಲಿ ಬೇಸಗೆಯ ಕೆಲಸ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಸಗೆ ಬಂದಿತೆಂದರೆ ಡೇರೆ ಹೂಡುವವರ ಸಂದಣಿ. ಬಂದವರನ್ನು ಆದರಿಸಿ, ದಾರಿ ತೋರಿ, ಒಲೆಗುಂಡಿಗಳ ಬೂದಿ ತೆಗೆದು, ಬಯಲನ್ನು ಚೊಕ್ಕಟವಾಗಿಡಲು ‘ಕ್ಯಾಂಪ್ ಹೋಸ್ಟ್’ ಎಂಬ ಆತಿಥೇಯರುಂಟು. ಉದ್ಯೋಗದಿಂದ ನಿವೃತ್ತರಾದ ದಂಪತಿಗಳು ಇವರಲ್ಲಿ ಅನೇಕರು.

ಈ ಕೆಲಸವನ್ನು ಅರಸುವವರು ಮೊದಲು ತಿಳಿಯತಕ್ಕುದೊಂದುಂಟು. 1970ರ ಶಾಸನದ ಮೇರೆಗೆ ಉದ್ಯಾನದವರು ಕರೆದುಕೊಳ್ಳುವುದು ಸ್ವಯಂಸೇವಕರನ್ನು, ಸಂಬಳವಿಲ್ಲ. ಗಾಡಿಮನೆ ನಿಲ್ಲಿಸಲು ಜಾಗ, ಹಲವೆಡೆ ನೀರು, ವಿದ್ಯುತ್ತು, ಇಷ್ಟೇ ಪುಕ್ಕಟೆ. ಗಾಡಿಮನೆಯನ್ನು ಸಾಮಾನ್ಯವಾಗಿ ತಾವೇ ತರಬೇಕು! ಗುತ್ತಿಗೆದಾರರು ನಡೆಯಿಸುವ ಬಿಡಾರಗಳಲ್ಲಾದರೆ ಕೂಲಿ ದೊರೆಯುವುದುಂಟು. ವಾರಕ್ಕೆ ಎಷ್ಟು ಗಂಟೆಯ ದುಡಿಮೆ, ಎಷ್ಟು ದಿನ ಬಿಡುವು ಎಂಬುದನ್ನು ಬರೆಹದಲ್ಲಿ ಪಡೆಯದೆ ಮನೆಯಿಂದ ಹೊರಡುವುದು ಸರಿಯೆಂದು ನಮಗೆ ತೋರುವುದಿಲ್ಲ. ಅರ್ಜಿಯನ್ನು ಚಳಿಗಾಲದಲ್ಲಿಯೇ ಸಲ್ಲಿಸುವುದು ಮೇಲು.

ರಾತ್ರಿ ಗದ್ದಲವಾದರೆ ದಂಡಿಸುವ ಅಧಿಕಾರ ಇವರಿಗಿಲ್ಲ. ರೇಂಜರನಿಗೆ ತಿಳಿಸಿ, ಬೆಳಗ್ಗೆ ಅದೇ ಗದ್ದಲದವರ ಬೂದಿಯನ್ನು ಬಳಿಯಬೇಕು.