ಮೋನೆಯ ಸೂರ್ಯಕಾಂತಿಗಳು

ನಮ್ಮ ಎರೆನೆಲದ ರೈತನಿಗೆ ಸೂರ್ಯಕಾಂತಿಯೆಂದರೆ ಎಣ್ಣೆಯ ಬೆಳೆ. ಹೂವು ಎಷ್ಟೇ ಶೋಭಿಸಲಿ, ತೆನೆಯಲ್ಲಿ ಕಾಳು ತುಂಬಿತೇ, ಗಿಳಿಗಳ ಕಾಟ ಎಷ್ಟು ಎಂಬುದರ ಕಡೆಗೇ ಅವನ ಲಕ್ಷ್ಯ. ಅದು ಸಹಜವೇ. ಆದರೆ ಅದೇ ಹೂವನ್ನು ನೋಡುವುದಕ್ಕಾಗಿಯೇ ನೋಡಿದ ಚಿತ್ರಕಾರನೊಬ್ಬನ ಕೃತಿಯನ್ನು ವಾಚಕರಿಗೆ ಪರಿಚಯಿಸಬಯಸುತ್ತೇವೆ.

ಆತನೇ ಫ್ರಾನ್ಸಿನ ಕ್ಲೋಡ್ ಮೋನೆ (1840–1926). 1874ರಲ್ಲಿ ಆತನೂ ಆತನ ಗೆಳೆಯರೂ ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನವೊಂದನ್ನು ಏರ್ಪಡಿಸಿದರು. ಅಲ್ಲಿದ್ದ ಮೋನೆಯ ಸೂರ್ಯೋದಯದ ಚಿತ್ರದ ಹೆಸರನ್ನೇ ಹಿಡಿದು ವಿಮರ್ಶಕನೊಬ್ಬನು ಅವರನ್ನು 'ಇಂಪ್ರೆಷನಿಸ್ಟರು' ಎಂದು ಅಣಕಿಸಿದನು. ಬೆಳಕಿನಲ್ಲಿ ವಸ್ತುವು ಕಣ್ಣಿಗೆ ತೋರಿದ ಬಗೆಯನ್ನೇ ಬಣ್ಣದಲ್ಲಿ ಹಿಡಿಯುವುದು ಅವರ ಗುರಿಯಾಗಿತ್ತು. ನಿಂದೆಯ ಹೆಸರು ಮುಂದೆ ಬಿರುದೇ ಆಯಿತು.

ಆದರೆ ಬಿರುದಿನಿಂದ ಹೊಟ್ಟೆ ತುಂಬಲಿಲ್ಲ. ಸಾಲದಿಂದ ಬಳಲಿದ ಮೋನೆ 1878ರಲ್ಲಿ ಸೇನ್ ನದಿಯ ದಂಡೆಯ ವೆತೋಯ್ ಎಂಬ ಹಳ್ಳಿಗೆ ಬಂದು ನೆಲಸಿದನು. ಮರುವರ್ಷ ಸೆಪ್ಟೆಂಬರಿನಲ್ಲಿ ಪತ್ನಿ ಕಮಿಲ್ ತನ್ನ 32ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಬ್ಬರು ಗಂಡುಮಕ್ಕಳಲ್ಲಿ ಕಿರಿಯನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ದಿನಗಳಲ್ಲಿ ಭೂದೃಶ್ಯಗಳಿಗಿಂತ ಹೂವಿನ ಚಿತ್ರಗಳಿಗೆ ಗಿರಾಕಿಗಳು ಸುಲಭವಾಗಿ ದೊರೆಯುತ್ತಿದ್ದರು. ಮನೆಯ ತೋಟದ ಮೆಟ್ಟಿಲುಗಳ ಬದಿಯಲ್ಲಿ ಸೂರ್ಯಕಾಂತಿಗಳು ಬೆಳೆದಿದ್ದವು. 1881ರಲ್ಲಿ ಮೋನೆ ಅವನ್ನು ಜಪಾನೀ ಹೂದಾನಿಯೊಂದರಲ್ಲಿಟ್ಟು ಚಿತ್ರಿಸಿದನು.

ಚಿತ್ರದ ಎತ್ತರ 101 ಸೆಂಟಿಮೀಟರ್, ಅಗಲ ಸುಮಾರು 81. ಕೆಳಗೆ ಕೆಂಪು ಮೇಜುವಸ್ತ್ರ, ಹಿಂದೆ ತಿಳಿಯಾದ ನೀಲಿ ನೇರಿಳೆಯ ಛಾಯೆ. ನಡುವೆ ಹಳದಿಯ ಉರಿ. ಒಂದು ಹೂವು ನಮ್ಮನ್ನೇ ದಿಟ್ಟಿಸಿದರೆ ಇನ್ನೊಂದು ಮೋರೆ ತಿರುಗಿಸಿದೆ. ದಳಗಳಿಗೆ ಗೆರೆಯ ಕಟ್ಟಿಲ್ಲ. ಕುಂಚದ ಒಂದೊಂದು ಎಳೆತವೂ ಒಂದೊಂದು ದಳ. ಹತ್ತಿರ ನಿಂತರೆ ಬಣ್ಣದ ಗೀಚು, ದೂರ ಸರಿದರೆ ಹೂವು! ಹೂವು ಹಣ್ಣುಗಳ ಚಿತ್ರಣವನ್ನು ಫ್ರಾನ್ಸಿನ ಪಂಡಿತರು ಚಿತ್ರಕಲೆಯ ಕಟ್ಟಕಡೆಯ ಪಂಕ್ತಿಯಲ್ಲಿ ಕೂರಿಸಿದ್ದರು. ಅಗತ್ಯಕ್ಕಾಗಿ ಆ ಕೆಲಸಕ್ಕೆ ಕೈಹಾಕಿದರೂ ಮೋನೆ ಅದನ್ನು ಕೀಳೆಂದು ಬಗೆಯಲಿಲ್ಲ.

1882ರ ಪ್ರದರ್ಶನದಲ್ಲಿ ಈ ಚಿತ್ರವಿತ್ತು. 1888ರಲ್ಲಿ ವಿನ್ಸೆಂಟ್ ವ್ಯಾನ್ ಗೋ ತನ್ನ ತಮ್ಮನಿಗೆ ಬರೆದ ಪತ್ರದಲ್ಲಿ ಇದರ ಪ್ರಸ್ತಾಪವಿದೆ. ಗೆಳೆಯ ಗೋಗ್ಯಾಂ ಮೋನೆಯ ಸೂರ್ಯಕಾಂತಿಗಳನ್ನು ಹೊಗಳಿ, ಆದರೂ ವ್ಯಾನ್ ಗೋ ಬರೆದವೇ ತನಗೆ ಹೆಚ್ಚು ಪ್ರಿಯವೆಂದನಂತೆ. ತಾನು ಅದನ್ನು ಒಪ್ಪೆನೆಂದು ವ್ಯಾನ್ ಗೋ ಬರೆದಿದ್ದಾನೆ. ದೊಡ್ಡವರ ವಿನಯ ಹೀಗಿರುತ್ತದೆ. 1929ರಿಂದ ಈ ಚಿತ್ರವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಸೊತ್ತು.

ಹೂವು ಬರೆಯೆಂದರೆ ನಮ್ಮ ಮಕ್ಕಳು ನಡುವೆ ಒಂದು ವೃತ್ತ, ಸುತ್ತಲೂ ಐದು ದಳ ಬರೆದು ಮುಗಿಸುತ್ತಾರೆ. ಅದು ಕಂಡ ಹೂವಲ್ಲ, ಕಲಿಸಿದ ಹೂವು, ಕಲಿಸಿದವರು ನಾವೇ. ತಾಯಂದಿರು ಒಂದು ತಂಬಿಗೆಯಲ್ಲಿ ಹಿತ್ತಿಲ ಹೂವನ್ನಿಟ್ಟು, ಕಿಟಕಿಯ ಬಳಿ ಮಗುವನ್ನು ಕೂರಿಸಲಿ. ನೆರಳಿನ ಬದಿಯ ದಳ ಯಾವ ಬಣ್ಣದ್ದೆಂದು ಕೇಳಲಿ. ಉತ್ತರಕ್ಕೆ ಅವಸರ ಮಾಡಬಾರದು.