ಕಸುಬಿನ ಕುಚೋದ್ಯ, ಕೆಲಸದ ಸೂತ್ರ

ಪ್ರತಿಯೊಂದು ಕಸುಬಿನಲ್ಲಿಯೂ ಪಠ್ಯಪುಸ್ತಕಕ್ಕೆ ಸೇರದ, ಆದರೆ ಹಳಬರು ಹೊಸಬರಿಗೆ ತಪ್ಪದೆ ದಾಟಿಸುವ ಕಿವಿಮಾತುಗಳಿರುತ್ತವೆ. ಅವುಗಳಲ್ಲಿ ಕೆಲವು ವಿಜ್ಞಾನದ ನಿಯಮಗಳ ಗತ್ತನ್ನು ಅಣಕಿಸುತ್ತಲೇ ನಿಯಮಗಳೆಂಬ ಹೆಸರು ಪಡೆದಿವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಈ ಆಧುನಿಕ ಬಂಧುಗಳು ಎಂಜಿನಿಯರುಗಳು, ವೈದ್ಯರು ಹಾಗೂ ಕಚೇರಿ ನೌಕರರ ನಡುವೆ ಹುಟ್ಟಿದವು.

ಹೆಚ್ಚು ಹೆಸರಾದದ್ದು ಮರ್ಫಿ ನಿಯಮ. ವಾಹನ ಥಟ್ಟನೆ ನಿಂತಾಗ ಮನುಷ್ಯದೇಹ ಎಷ್ಟು ಆಘಾತವನ್ನು ತಾಳಬಲ್ಲದೆಂದು ತಿಳಿಯಲು, ಈಗ ಎಡ್ವರ್ಡ್ಸ್ ಎಂದು ಕರೆಯಲಾಗುವ ಕ್ಯಾಲಿಫೋರ್ನಿಯಾದ ವಾಯುನೆಲೆಯಲ್ಲಿ ಜಾನ್ ಸ್ಟ್ಯಾಪ್ ಎಂಬ ಸೇನಾ ವೈದ್ಯರು, ಹಳಿಯ ಮೇಲೆ ರಾಕೆಟ್ ಬಲದಿಂದ ಓಡುವ ಬಂಡಿಯಲ್ಲಿ ತಾವೇ ಕುಳಿತು ಪ್ರಯೋಗ ನಡೆಸುತ್ತಿದ್ದರು. 1949ರಲ್ಲಿ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರ್ ಅಲ್ಲಿಗೆ ತಂದ ಅಳತೆಯ ಉಪಕರಣಗಳ ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದ್ದರಿಂದ ಅವು ಏನನ್ನೂ ದಾಖಲಿಸಲಿಲ್ಲ. ಆಗ ಅವರಾಡಿದ ಮಾತಿನ ನಿಖರ ರೂಪದ ಬಗ್ಗೆ ಅಲ್ಲಿದ್ದವರಲ್ಲೇ ಒಮ್ಮತವಿಲ್ಲವಾದರೂ, ಒಂದು ಕೆಲಸವನ್ನು ಕೆಡಿಸಲು ದಾರಿಯಿದ್ದರೆ ಯಾರಾದರೊಬ್ಬರು ಆ ದಾರಿಯನ್ನೇ ಹಿಡಿಯುತ್ತಾರೆ ಎಂಬುದು ಅದರ ತಿರುಳು. ಇದನ್ನು ನತದೃಷ್ಟರ ಗೊಣಗಾಟವೆಂದು ತಿಳಿಯುವುದು ಸರಿಯಲ್ಲ. ಎಚ್ಚರವಾಗಿರಿ ಎಂಬ ಬೋಧನೆ ತಪ್ಪಿನ ಹೊರೆಯನ್ನು ಕೆಲಸಗಾರನ ತಲೆಗೆ ಕಟ್ಟಿದರೆ, ಈ ನಿಯಮ ಅದನ್ನು ವಿನ್ಯಾಸಕಾರನ ಮೇಜಿಗೆ ಮರಳಿಸುತ್ತದೆ, ಅದೂ ಯಾರನ್ನೂ ಬೈಯದೆ. ಸಿಮ್ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸಿರುವುದರ ಹಿಂದೆ ಇರುವುದೂ ಇಂಥದೇ ತರ್ಕ. ಜಪಾನಿನಲ್ಲಿ ಶಿಗೆಯೊ ಶಿಂಗೊ ಬೆಳೆಸಿದ ಪೋಕಾ-ಯೋಕೆ, ಅಂದರೆ ತಪ್ಪಿಗೆ ಎಡೆಯೇ ಇರದಂತೆ ಕೆಲಸವನ್ನು ಅಣಿಗೊಳಿಸುವ ಪದ್ಧತಿ, ಇದನ್ನೇ ಕಾರ್ಖಾನೆಯ ಶಿಸ್ತಾಗಿಸಿತು.

ಕೊಟ್ಟ ಅವಧಿ ತುಂಬುವವರೆಗೂ ಕೆಲಸ ಹಿಗ್ಗುತ್ತದೆ ಎಂದು 1955ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆಯಲ್ಲಿ ಬರೆದ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಅಂಕಿಅಂಶಗಳನ್ನೂ ಮುಂದಿಟ್ಟರು: 1914ರಿಂದ 1928ರ ನಡುವೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದರೆ, ಅದರ ಆಡಳಿತ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದರು. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಇದಕ್ಕೆ ಭಾಷ್ಯ ಬೇಕಾಗದು.

ಸಾಫ್ಟ್‌ವೇರ್ ಕ್ಷೇತ್ರದ ಸೂತ್ರಗಳು ಬೆಂಗಳೂರಿನ ಕಂಪನಿಗಳಿಗೂ ಪರಿಚಿತವೇ. ಮೊದಲ ಶೇ. 90ರಷ್ಟು ಕೆಲಸ ಶೇ. 90ರಷ್ಟು ಸಮಯವನ್ನು, ಉಳಿದ ಶೇ. 10 ಇನ್ನೊಂದು ಶೇ. 90ರಷ್ಟು ಸಮಯವನ್ನು ನುಂಗುತ್ತದೆ ಎಂಬುದು ಬೆಲ್ ಪ್ರಯೋಗಾಲಯದ ಟಾಮ್ ಕಾರ್ಗಿಲ್ ಅವರದೆಂದು ಹೇಳಲಾಗುವ ಲೆಕ್ಕ. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಬರೆದುದಕ್ಕೆ ಗಣಿತದ ಬೆಂಬಲವಿದೆ: ಐವರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 10 ಇದ್ದರೆ, ಹತ್ತು ಮಂದಿಯಲ್ಲಿ ಅವು 45 ಆಗುತ್ತವೆ.

ವೈದ್ಯರ ಸೂತ್ರ ಕೊಂಚ ಬೇರೆ ಜಾತಿಯದು, ಏಕೆಂದರೆ ಅದಕ್ಕೆ ಊರು ಮುಖ್ಯ. ಗೊರಸಿನ ಸದ್ದು ಕೇಳಿದರೆ ಕುದುರೆಯನ್ನು ನೆನೆಯಬೇಕೇ ಹೊರತು ಜೀಬ್ರಾವನ್ನಲ್ಲ, ಅಂದರೆ ಅಪರೂಪದ ಕಾಯಿಲೆಗೆ ಮೊದಲು ಸಾಮಾನ್ಯ ಕಾಯಿಲೆಯನ್ನು ಶಂಕಿಸಬೇಕು ಎಂಬ ಈ ಮಾತನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಥಿಯೊಡೋರ್ ವುಡ್‌ವರ್ಡ್ ಅವರದೆಂದು ಹೇಳುತ್ತಾರೆ. ಜೀಬ್ರಾಗಳು ಮೇಯುವ ನಾಡಿನಲ್ಲಿ ಇದು ತಲೆಕೆಳಗಾಗಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗುಗಳಿಂದ ಹರಡುವ ಮಂಗನ ಕಾಯಿಲೆ ದೂರದ ನಗರದ ವೈದ್ಯರಿಗೆ ಜೀಬ್ರಾವೇ ಸರಿ. ಆದರೆ ಸುತ್ತಲಿನ ಕಾಡಿನಲ್ಲಿ ಮಂಗಗಳು ಸತ್ತ ಸುದ್ದಿಯಿರುವಾಗ, ಸೌದೆಗೋ ದರಗಿಗೋ ಹೋಗಿ ಬಂದವರು ಜ್ವರವೆಂದು ಬಂದರೆ ಮಲೆನಾಡಿನ ವೈದ್ಯರು ಮೊದಲು ನೆನೆಯಬೇಕಾದದ್ದು ಅದನ್ನೇ.