ಆರಡಿ ಅಂತರ ಸೈಕಲ್‌ಗೂ ಬೇಕು

ಕೊರೊನಾ ಕಾಲ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಆಕ್ಸಿಜನ್, ಬೆಡ್, ಸಂಜೆಯ ಬುಲೆಟಿನ್. ನಾವು ಟಿವಿಯವರು ಅದನ್ನೇ ತಾನೆ ತೋರಿಸಿದ್ದು! ಆದರೆ ಅದೇ ದಿನಗಳಲ್ಲಿ ಮಂಡ್ಯದಂಥ ಊರುಗಳಲ್ಲಿ ಒಂದು ಸಣ್ಣ ಬದಲಾವಣೆ ಆಯ್ತು, ಅದು ಯಾವ ಬ್ರೇಕಿಂಗ್ ನ್ಯೂಸ್‌ಗೂ ಬರಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದಿದ್ದ ಸೈಕಲ್‌ಗೆ ಗಾಳಿ ತುಂಬಿಸಿಕೊಂಡು ಜನ ಮತ್ತೆ ರಸ್ತೆಗಿಳಿದರು.

ಕಾರಣ ಸರಳ. 2020ರ ಮಾರ್ಚ್‌ನಲ್ಲಿ ಬಸ್ಸು ನಿಂತಿತು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ, ಎರಡು ವಾರ ಸರ್ಕಾರಿ ಬಸ್ಸೇ ಅಪರೂಪ. ಅದು ಮುಗಿಯೋ ಹೊತ್ತಿಗೆ ಎರಡನೇ ಅಲೆ. ಮೇ 10ರಿಂದ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ, ಅದಕ್ಕೂ ನಡೆದೇ ಹೋಗಬೇಕು, ಗಾಡಿ ತಂದರೆ ಸೀಜ್ ಅಂತ ಆದೇಶ. ಗುತ್ತಲಿನಂಥ ಜಾಗ ನೋಡಿ. ಅದು ಹಳ್ಳಿಯೂ ಹೌದು, ಸಿಟಿಯೂ ಹೌದು. ಒಂದು ಕಡೆ ಅರಕೇಶ್ವರ ದೇವಸ್ಥಾನ, ಇನ್ನೊಂದು ಕಡೆ ಮಂಡ್ಯ ಪೇಟೆಯ ಗದ್ದಲ. ಇಂಥ ಕಡೆ ಹಾಲು, ಮಾತ್ರೆ, ರೇಷನ್ ಎಲ್ಲವೂ ಅಕ್ಕಪಕ್ಕದವರ ಉಪಕಾರದಲ್ಲೇ ನಡೀತು. ಪಕ್ಕದ ಮನೆಯ ಹುಡುಗ ಸೈಕಲ್ ತೆಗೆದರೆ ಮೂರು ಮನೆಯ ಸಾಮಾನಿನ ಚೀಟಿ ಅವನ ಜೇಬಿಗೆ.

ಇದೇ ಸೀಮೆಯ ಒಂದು ಘಟನೆ ನಿಮಗೆ ನೆನಪಿರಬಹುದು. 2021ರ ಮೇ ತಿಂಗಳು. ತಿ. ನರಸೀಪುರ ತಾಲ್ಲೂಕಿನ ಒಬ್ಬ ಕೂಲಿ ಕಾರ್ಮಿಕ, ಮಗನ ಔಷಧಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಸೈಕಲ್ ತುಳಿದರು. ಹೋಗಿ ಬರಲು ಸುಮಾರು 300 ಕಿಲೋಮೀಟರ್, ಮೂರು ದಿನ. ನಾವೆಲ್ಲ ‘ತಂದೆಯ ಪ್ರೀತಿ’ ಅಂತ ಹಿನ್ನೆಲೆ ಸಂಗೀತ ಹಾಕಿ ತೋರಿಸಿದ್ವಿ. ಪ್ರೀತಿ ನಿಜ. ಆದರೆ ಅಷ್ಟು ದೂರ ಆತ ಯಾವ ರಸ್ತೆಯಲ್ಲಿ, ಯಾವ ಅಂಚಿನಲ್ಲಿ, ಎಂಥ ಲಾರಿಗಳ ಪಕ್ಕದಲ್ಲಿ ತುಳಿದರು ಅಂತ ಯಾರೂ ಕೇಳಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 2020ರ ಜೂನ್‌ನಲ್ಲಿ ಕೇಂದ್ರ ನಗರ ವ್ಯವಹಾರಗಳ ಸಚಿವಾಲಯ ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಅಂತ ಸ್ಪರ್ಧೆ ಘೋಷಿಸಿತು. ಬೆಂಗಳೂರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯದವರು ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿ.ಮೀ. ತಾತ್ಕಾಲಿಕ ಸೈಕಲ್ ಪಥ ಮಾಡಿದರು. ಹೊಸ ರಸ್ತೆ ಕಟ್ಟಲಿಲ್ಲ, ಒಂದಿಂಚು ಜಾಗ ಭೂಸ್ವಾಧೀನ ಮಾಡಲಿಲ್ಲ. ಇದ್ದ ರಸ್ತೆಯ ಅಂಚಿಗೆ ಬಣ್ಣ, ಅದರ ಪಕ್ಕ ಸಾಲು ಗೂಟ, ಅಷ್ಟೇ. ಬೊಗೋಟಾ, ಪ್ಯಾರಿಸ್‌ನಲ್ಲೂ ಆ ವರ್ಷ ನಡೆದಿದ್ದು ಇದೇ ಕೆಲಸ. ಆಮೇಲೆ ಬೆಂಗಳೂರಿನಲ್ಲಿ ಏನಾಯ್ತು? ಬೈಕುಗಳು ಒಳಗೆ ನುಗ್ಗಿದವು, ಗೂಟಗಳು ಮುರಿದವು, ಮೆಟ್ರೋ ಕಾಮಗಾರಿ ಬಂತು.

ಈಗ ಮುಖ್ಯ ಮಾತಿಗೆ ಬರ್ತೀನಿ. ಆ ಸ್ಪರ್ಧೆಗೆ ಅರ್ಹತೆ ಯಾರಿಗಿತ್ತು ಗೊತ್ತಾ? ಸ್ಮಾರ್ಟ್ ಸಿಟಿ, ರಾಜ್ಯದ ರಾಜಧಾನಿ, ಇಲ್ಲವೇ 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ. 2011ರ ಜನಗಣತಿ ಪ್ರಕಾರ ಮಂಡ್ಯ ನಗರದ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಕಡಿಮೆ. ಅಲ್ಲ ಸ್ವಾಮಿ, ಸೈಕಲ್‌ನಿಂದ ನಿಜವಾಗಿ ಕೆಲಸ ಆಗೋದು ಇಂಥ ಊರಲ್ಲೇ ಅಲ್ವಾ? ಆಸ್ಪತ್ರೆ, ಸಂತೆ, ಶಾಲೆ, ರೈಲ್ವೆ ಸ್ಟೇಷನ್ ಎಲ್ಲ ಮೂರು-ನಾಲ್ಕು ಕಿಲೋಮೀಟರ್ ಒಳಗೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಧಾನವಾಗಿ ತುಳಿದರೂ ಮೂರು ಕಿಲೋಮೀಟರ್‌ಗೆ 12 ನಿಮಿಷ ಸಾಕು. 40 ಕಿ.ಮೀ. ದೂರದ ಆಫೀಸಿಗೆ ಹೋಗೋ ಊರಿಗೆ ಪಥ, 12 ನಿಮಿಷದ ಊರಿಗೆ ಏನೂ ಇಲ್ಲ!

ಹಾಗಾದರೆ ಬಿಳಿ ಗೆರೆ ಎಳೆದರೆ ಸಾಕಾ? ಇಂಜಿನಿಯರಿಂಗ್ ಓದಿದ ತಪ್ಪಿಗೆ ಸ್ವಲ್ಪ ಲೆಕ್ಕ ಹೇಳ್ತೀನಿ. ವಾಹನದ ವೇಗ ಎರಡು ಪಟ್ಟಾದರೆ ಅದು ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತೆ. ಅಂದರೆ 30ರಲ್ಲಿ ಬರೋ ಗಾಡಿಯ ಪಕ್ಕ ಬಣ್ಣದ ಗೆರೆ ಸಾಕಾಗಬಹುದು, 60ರಲ್ಲಿ ಬರೋದರ ಪಕ್ಕ ಗಟ್ಟಿ ತಡೆ ಬೇಕೇ ಬೇಕು. ಅಗಲ ಎಷ್ಟು? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೈಕಲ್ ಪಥಕ್ಕೆ ಕನಿಷ್ಠ ಎರಡು ಮೀಟರ್ ಅನ್ನುತ್ತೆ. ಕೊರೊನಾದಲ್ಲಿ ನಾವು ಮನುಷ್ಯರ ಮಧ್ಯೆ ‘ಆರಡಿ ಅಂತರ’ ಅಂತ ಬಾಯಿಪಾಠ ಮಾಡಿಸಿದೆವಲ್ಲ, ಹೆಚ್ಚುಕಡಿಮೆ ಅಷ್ಟೇ ಜಾಗ. ನಮ್ಮಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದು ಯಾವ ಪುಸ್ತಕದಲ್ಲೂ ಸಿಗಲ್ಲ: ಕಬ್ಬಿನ ಟ್ರ್ಯಾಕ್ಟರ್. ಟ್ರೇಲರ್ ಒಂದು ಅಗಲ, ಮೇಲಿನ ಕಬ್ಬು ಎರಡೂ ಕಡೆ ಚಾಚಿಕೊಂಡು ಇನ್ನೊಂದು ಅಗಲ. ಕತ್ತಲಾದ ಮೇಲೆ ಹಿಂದೆ ಕೆಂಪು ದೀಪವೂ ಇರಲ್ಲ. ಕಟಾವಿನ ಸೀಸನ್‌ನಲ್ಲಿ ಅದರ ಪಕ್ಕ ಸೈಕಲ್ ತುಳಿದವರನ್ನೇ ಕೇಳಿ.

ಪಥ ಹಾಳಾಗೋದು ಹೆಚ್ಚಾಗಿ ಎರಡು ಕಡೆ. ಒಂದು, ಅಂಗಡಿ ಮುಂದೆ. ನಿಲ್ಲಿಸಿದ ಒಂದು ಕಾರು ಸಾಕು, ಸೈಕಲ್‌ನವನು ಲಾರಿ ದಾರಿಗೆ ಇಳೀಬೇಕು. ಇನ್ನೊಂದು, ಸರ್ಕಲ್. ಗೆರೆ ಅಲ್ಲಿಗೆ ಬಂದು ಮಾಯ ಆಗುತ್ತೆ, ಎಲ್ಲಿ ಬೇಕೋ ಅಲ್ಲೇ ಇರಲ್ಲ.

ಈಗ ಒಂದು ಅವಕಾಶ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ದೂರದ ಗಾಡಿಗಳು ಬೈಪಾಸ್ ಹಿಡಿದವು. ಮಂಡ್ಯ ಪೇಟೆಯ ಹೋಟೆಲು, ಅಂಗಡಿಯವರಿಗೆ ಹೊಡೆತ ಬಿತ್ತು, ಅವರ ಕಷ್ಟ ಸುಳ್ಳಲ್ಲ. ಆದರೆ ಊರೊಳಗಿನ ಹಳೇ ಹೆದ್ದಾರಿಗೆ ಸ್ವಲ್ಪ ಉಸಿರು ಸಿಕ್ಕಿತು. ಆ ಅಗಲದಲ್ಲಿ ಎರಡೂ ಬದಿ ಸೈಕಲ್‌ಗೆ ಎತ್ತಿಡೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಗುತ್ತಲು ರಸ್ತೆಯಂಥ ಒಳರಸ್ತೆಗಳು ಅದಕ್ಕೆ ಬಂದು ಸೇರಿದರೆ ಮಕ್ಕಳು ಮನೆಯಿಂದ ಶಾಲೆವರೆಗೆ ಒಂದೇ ದಾರಿಯಲ್ಲಿ ಹೋಗಬಹುದು.

ಮಕ್ಕಳು ಅಂದೆ. 2006-07ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡ್ತಿದ್ದರು. ಎಷ್ಟೋ ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಅದೇ ಸೈಕಲ್ ಮೇಲೆ. ಕೊರೊನಾ ಬಂತು, ಶಾಲೆ ಮುಚ್ಚಿತು, ಸೈಕಲ್ ವಿತರಣೆ ನಿಂತಿತು. ಶಾಲೆ ಇಲ್ಲದಾಗ ಸೈಕಲ್ ಯಾಕೆ ಅಂದದ್ದು ಸರಿ ಅಂತಲೇ ಇಟ್ಕೊಳ್ಳೋಣ. ಆದರೆ ಶಾಲೆ ತೆರೆದ ವರ್ಷವೇ ಸೈಕಲ್ ಯಾಕೆ ವಾಪಸ್ ಬರಲಿಲ್ಲ? 2020ರಲ್ಲಿ ವಿದ್ಯಾಗಮ ಅಂತ ಮೇಷ್ಟ್ರುಗಳೇ ದೇವಸ್ಥಾನದ ಜಗಲಿಗೆ, ಅರಳಿಕಟ್ಟೆಗೆ ಪಾಠ ಹೊತ್ತು ಹೋದರು. ಶಾಲೆಯೇ ಮಕ್ಕಳ ಹತ್ತಿರ ಬಂದ ರಾಜ್ಯ ಇದು. ಮಗು ಶಾಲೆಗೆ ಹೋಗೋಕೆ ಸೈಕಲ್ ಕೊಡೋದು ಅದಕ್ಕಿಂತ ಕಷ್ಟದ ಕೆಲಸವಾ?

ಇಷ್ಟಕ್ಕೂ ಕೇಳಬೇಕಾದವರು ನೀವೇ. ನಿಮ್ಮ ವಾರ್ಡಿನಲ್ಲಿ ಮುಂದಿನ ಸಲ ಡಾಂಬರು ಹಾಕೋಕೆ ಬಂದಾಗ, ರೋಲರ್ ಇಳಿಯೋ ಮೊದಲೇ ನಗರಸಭೆ ಸದಸ್ಯರನ್ನ ಹಿಡಿದು ಎರಡು ಪ್ರಶ್ನೆ ಕೇಳಿ: ಎಸ್ಟಿಮೇಟ್‌ನಲ್ಲಿ ಸೈಕಲ್‌ಗೆ ಎರಡು ಮೀಟರ್ ಇದೆಯಾ? ಸರ್ಕಲ್‌ನಲ್ಲಿ ಆ ಗೆರೆ ಎಲ್ಲಿಗೆ ಹೋಗುತ್ತೆ?